ಹಿಯರ್‌ಬೈ ಎಂಬ ಏನೂ ಅಲ್ಲದ ಪದ

ಮಾರ್ಚ್ ೩

ಪ್ರೀತಿಯ ಅಣ್ಣನಿಗೆ,

ಕ್ಷೇಮಸಮಾಚಾರ ಆಮೇಲೆ. ಮೊದಲು ವಿಷಯ.

ನೀನು ಕೊಡಿಸಿದ ಕೆಲಸಕ್ಕೆ ಸೇರಿ ಬರುವ ತಿಂಗಳಿಗೆ ಎರಡು ವರ್ಷ. ನಿಮ್ಮ ಹೆಡ್ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತವರಿಗೆ ನಮ್ಮ ಲಾಂಡ್ರಿ ಅಂದರೆ ಬೆಳ್ಳಗೆ ಮಡಿಚಿಟ್ಟ ಹೊದಿಕೆಗಳು. ನಮಗೆ ಅದು ಬಿಸಿ ರೋಲರ್. ಮೂರು ಆಸ್ಪತ್ರೆಗಳ ಒದ್ದೆ ಬಟ್ಟೆ ಅದರ ಬಾಯಿಗೆ ಹೋಗಿ ಇಸ್ತ್ರಿಯಾಗಿ ಆಚೆ ಬರಬೇಕು. ಇಬ್ಬರು ಈ ಕಡೆ ಮೂಲೆ ಹಿಡಿದು ಉಣಿಸಬೇಕು, ಇಬ್ಬರು ಆ ಕಡೆ ಹಿಡಿದು ಮಡಿಚಬೇಕು. ಆ ಬಾಯಿಯ ಮುಂದೆ ಒಂದು ಕಬ್ಬಿಣದ ಅಡ್ಡಪಟ್ಟಿ ಇತ್ತು. ಬೆರಳು ತಾಗಿದರೆ ಸಾಕು, ರೋಲರ್ ನಿಂತುಬಿಡುತ್ತಿತ್ತು. ಬಟ್ಟೆಯ ಅಂಚು ತಾಗಿದರೂ ನಿಲ್ಲುತ್ತದೆ, ಕೆಲಸ ಹಿಂದೆ ಬೀಳುತ್ತದೆ ಅಂತ ಮೇಸ್ತ್ರಿ ನವೆಂಬರಿನಲ್ಲಿ ಅದನ್ನು ಬಿಚ್ಚಿಸಿದ. ಬಿಚ್ಚಿಸಿ ಏನು ಮಾಡಿದ ಗೊತ್ತೆ? ತನ್ನ ಕೋಣೆಯ ಕಿಟಕಿ ಮುಚ್ಚಿಕೊಳ್ಳದಂತೆ ಆಸರೆ ಕೊಟ್ಟಿದ್ದಾನೆ. ನಮ್ಮ ಬೆರಳು ಕಾಯಬೇಕಾದದ್ದು ಅವನಿಗೆ ಗಾಳಿ ಕೊಡುತ್ತಿದೆ. ಶೋಷಣೆ ಅಂದರೇನು ಅಂತ ಕರಪತ್ರಗಳಲ್ಲಿ ಪುಟಗಟ್ಟಲೆ ಬರೆಯುತ್ತಾರೆ. ಆ ಕಿಟಕಿ ತೋರಿಸಿದರೆ ಸಾಕಿತ್ತು.

ಕಳೆದ ತಿಂಗಳು ನಾವು ನಲವತ್ತೊಂದು ಜನ ಕಾರ್ಮಿಕ ಇಲಾಖೆಯ ಅಧಿಕಾರಿಗೆ ದೂರು ಕೊಟ್ಟೆವು. ಬರೆದವಳು ನಾನೇ. ನಿನಗೂ ಹೇಳಲಿಲ್ಲ, ಕೋಪ ಮಾಡಿಕೊಳ್ಳಬೇಡ. ಊಟದ ತಟ್ಟೆಯನ್ನು ಕಾಗದದ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆದೆ. ಆ ಗೆರೆಯ ಮೇಲೆ ಎಲ್ಲರೂ ಸಹಿ ಹಾಕಿದೆವು, ಬಳೆಯ ಹಾಗೆ. ಮೊದಲ ಸಹಿ ಯಾರದು ಅಂತ ಯಾರೂ ಹೇಳಲಾರರು. ಇದೂ ಕರಪತ್ರದಲ್ಲಿ ಓದಿದ್ದೇ. ಹಾಡಕ್ಕ ಹೇಳಿದಳು, "ಏನೇ ಇದು, ಸಹಿಗಳೆಲ್ಲ ಕೈ ಹಿಡ್ಕೊಂಡು ಕುಣೀತಾ ಇದಾವೆ!" ರೋಲರಿನ ಮುಂದೆ ನನ್ನ ಜೊತೆಗಾತಿ ಅವಳೇ. ಕೆಲಸ ಮುಗಿಯುವ ತನಕ ಗುನುಗುತ್ತಲೇ ಇರುತ್ತಾಳೆ.

ಈಗ ನಿಮ್ಮ ಮ್ಯಾನೇಜರ್ ಅಲ್ಲಿಂದ ಖುದ್ದು ಬಂದಿದ್ದ. ಬೆಣ್ಣೆಯಂಥ ಮಾತು. "ಪಟ್ಟಿ ತಾನೆ? ಹಾಕಿಸೋಣ ಬಿಡ್ರಮ್ಮ. ನೀವು ದೂರು ವಾಪಸ್ ತಗೊಳ್ಳಿ. ಮನೆ ಮಾತು ಮನೇಲೇ ಇರ್ಲಿ." ಒಂದು ಇಂಗ್ಲಿಷ್ ಕಾಗದ ಕೊಟ್ಟು ಎಲ್ಲರೂ ಸಹಿ ಹಾಕಿ ಅಂದ. ಓದದೆ ಹಾಕುವುದಿಲ್ಲ ಅಂತ ನಾನು ಒಂದು ವಾರ ಕೇಳಿ ಪಡೆದೆ. ನಿಘಂಟು ಇಟ್ಟುಕೊಂಡು ಕೂತೆ. ‘ವಿತ್‌ಡ್ರಾ’ ಅಂದರೆ ವಾಪಸ್ ತೆಗೆದುಕೊಳ್ಳುವುದು. ‘ಗಾರ್ಡ್’ ನಮ್ಮ ಪಟ್ಟಿ. ಅವರು ಪಟ್ಟಿ ಹಾಕುವ ವಿಷಯ ಗಮನಿಸುತ್ತಾರೆ, ನಾವು ದೂರು ವಾಪಸ್ ತೆಗೆದುಕೊಳ್ಳುತ್ತೇವೆ. ಅವರು ಹಾಕಿದ ಮೇಲೆ ನಾವು ತೆಗೆದುಕೊಳ್ಳುವುದು, ಅಷ್ಟೇ ಅಂತ ನನಗೆ ಅರ್ಥವಾಯಿತು. ಆದರೆ ‘ನಾವು’ ಮತ್ತು ‘ವಾಪಸ್’ ಇವೆರಡರ ನಡುವೆ ಒಂದು ಪದ ಕೂತಿದೆ. ಹಿಯರ್‌ಬೈ. ನನ್ನ ಜೇಬು ನಿಘಂಟಿನಲ್ಲಿ ‘ಹಿಯರ್’ ಇದೆ, ‘ಬೈ’ ಇದೆ, ಎರಡೂ ಕೂಡಿದ್ದು ಇಲ್ಲ. ಮಡಿಚುವ ಕಡೆ ನಿಲ್ಲುವ ಗಡಿಯಾರದಕ್ಕ "ಇಲ್ಲಿಂದ ಅಂತ ಇರ್ಬೇಕು ಬಿಡೆ" ಅಂದಳು. ಇಲ್ಲಿಂದ ಎಲ್ಲಿಗೆ?

ಆ ವಾಕ್ಯವನ್ನು ನೋಡಿ ಬರೆದು ಇದರ ಜೊತೆ ಇಟ್ಟಿದ್ದೇನೆ. ನೀನು ದಿನಾ ಆ ಇಂಗ್ಲಿಷಿನಲ್ಲೇ ಮುಳುಗಿ ಏಳುವವನು. ಆ ಪದದ ಅರ್ಥ ಬರೆ. ನಲವತ್ತು ಜನ ನನ್ನ ಮುಖ ನೋಡುತ್ತಿದ್ದಾರೆ, ನಾನು ನಿನ್ನ ಕಡೆ ನೋಡುತ್ತಿದ್ದೇನೆ.

ನಿನ್ನ ತಂಗಿ

ಮಾರ್ಚ್ ೬

ಪ್ರೀತಿಯ ಕಿಡಿ,

ನಿನ್ನ ಕಾಗದ ಸಿಕ್ಕಿತು. ದೂರು ಬರೆದವಳು ನೀನೆಂದು ತಿಳಿದು ಬೆಚ್ಚಿದೆ. ಬೈಯುವುದಿಲ್ಲ. ಚಿಕ್ಕವಳಿದ್ದಾಗಲೇ ನೀನು ಹಾಗೆ, ಬೇರೆಯವರ ಜಗಳ ಇದ್ದರೆ ಕೊಡ ಇಳಿಸಿಟ್ಟು ಓಡುತ್ತಿದ್ದೆ.

ನೀನು ಕೇಳಿದ ಪದ ಏನೂ ಅಲ್ಲ. ಆಫೀಸಿನ ಇಂಗ್ಲಿಷಿಗೆ ಒಂದು ಚಟವಿದೆ. ದೊಡ್ಡ ಮನುಷ್ಯರು ಮಾತಾಡುವ ಮುಂಚೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಇಂಥ ಪದಗಳು ಆ ಕೆಮ್ಮು ಇದ್ದ ಹಾಗೆ. ಹಿಯರ್‌ಬೈ, ಹಿಯರ್‌ವಿತ್, ಹಿಯರ್‌ಆಫ್ಟರ್ ಅಂತ ಒಂದು ಸಂಸಾರವೇ ಇದೆ. ತೆಗೆದು ಓದಿದರೂ ವಾಕ್ಯ ಅದೇ. ಕೋಟಿನ ತೋಳಿಗೆ ಹೊಲಿದ ಗುಂಡಿಗೆ ಕಾಜವೇ ಇರುವುದಿಲ್ಲ ನೋಡು, ಹಾಗೆ. ನಿನಗೆ ಅರ್ಥವಾದದ್ದೇ ಸರಿ. ನಿಶ್ಚಿಂತೆಯಿಂದ ಸಹಿ ಹಾಕಿ. ಆದರೆ ನೀನು ಮೊದಲ ಸಾಲಿನಲ್ಲಿ ಹಾಕಬೇಡ, ಮಧ್ಯದಲ್ಲೆಲ್ಲಾದರೂ ಹಾಕು. ಯಾಕೆ ಅಂತ ಕೇಳಬೇಡ, ಅಣ್ಣನ ಮಾತು ಅಂತ ಕೇಳು.

ಇನ್ನೊಂದು ವಿಷಯ. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ನಿನ್ನ ಅತ್ತಿಗೆ ಮನೆಯಲ್ಲಿಲ್ಲ. ಎರಡು ತಿಂಗಳಾಯಿತು. ಅಮ್ಮನಿಗೆ ಟ್ರೈನಿಂಗಿಗೆ ಹೋಗಿದ್ದಾಳೆ ಅಂತ ಬರೆದದ್ದು ಸುಳ್ಳು. ಮಗು ನಿಲ್ಲದೆ ಹೋದಾಗ ನಾನು ಆಸ್ಪತ್ರೆಗೆ ಹೋಗಲಿಲ್ಲ. ಆಫೀಸಿನಲ್ಲಿ ವರ್ಷದ ಕಡೆಯ ಕೆಲಸ ಇತ್ತು. ಸಂಜೆ ಹೋದರಾಯಿತು ಅಂದುಕೊಂಡೆ. ಸಂಜೆ ಹೋದಾಗ ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. "ಅಷ್ಟು ದೂರದಿಂದ ಯಾಕೆ ಬಂದ್ರಿ?" ಅಂದಳು. ಆಫೀಸಿಗೂ ಆಸ್ಪತ್ರೆಗೂ ನಡುವೆ ಎರಡೇ ಬೀದಿ. ಈಗ ತವರಿನಲ್ಲಿದ್ದಾಳೆ. ನಾನು ಅಡುಗೆಮನೆಯಲ್ಲಿ ಒಂದೇ ತಟ್ಟೆ ತೊಳೆದಿಟ್ಟು ಆಫೀಸಿಗೆ ಹೋಗುತ್ತೇನೆ.

ಅಮ್ಮನಿಗೆ ಗೊತ್ತಾಗಬಾರದು. ಈ ಕಾಗದ ಓದಿ ಹರಿದುಹಾಕು.

ಅಣ್ಣ

ಮಾರ್ಚ್ ೧೦

ಅಣ್ಣನಿಗೆ,

ನಿನ್ನ ಕಾಗದದ ಎರಡನೇ ಅರ್ಧ ಎಷ್ಟು ಸಲ ಓದಿದೆನೋ. ನೀನು ಹೋಗಬೇಕಿತ್ತು. ಇದನ್ನು ನಿನಗೆ ನಾನಲ್ಲದೆ ಇನ್ಯಾರು ಹೇಳಬೇಕು? ಈಗಲಾದರೂ ಹೋಗು. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂರು. ಅಮ್ಮನಿಗೆ ಹೇಳುವುದಿಲ್ಲ, ಆಣೆ. ಕಾಗದ ಮಾತ್ರ ಹರಿಯಲು ಮನಸ್ಸಾಗಲಿಲ್ಲ. ನೀನು ನನ್ನನ್ನು ದೊಡ್ಡವಳೆಂದು ಎಣಿಸಿ ಬರೆದ ಮೊದಲ ಕಾಗದ ಅದು. ಟ್ರಂಕಿನ ತಳದಲ್ಲಿದೆ.

ಮೊದಲನೇ ಅರ್ಧವನ್ನು ಊಟದ ಬಿಡುವಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕೆಮ್ಮಿನ ಮಾತಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಾಡಕ್ಕ ಈಗ ಮೇಸ್ತ್ರಿ ಬಂದಾಗಲೆಲ್ಲ "ಹಿಯರ್‌ಬೈ, ಹಿಯರ್‌ಬೈ" ಅಂತ ಕೆಮ್ಮುತ್ತಾಳೆ. ಅವನು "ಕಷಾಯ ಕುಡಿ" ಅಂದ.

ಸಹಿ ಹಾಕಿದೆವು. ಈ ಕಾಗದದಲ್ಲಿ ಬಳೆ ಇಲ್ಲ, ಒಂದರಿಂದ ನಲವತ್ತೊಂದು ನಂಬರು ಹಾಕಿದ ಗೆರೆಗಳು. ಒಂದನೇ ಗೆರೆಯ ಮುಂದೆ ಎಲ್ಲರೂ ನಿಂತುಬಿಟ್ಟರು. ಗಡಿಯಾರದಕ್ಕ "ಓದಿದೋಳು ನೀನು, ನೀನು ಹಾಕಿದ್ರೆ ನಮಗೂ ಧೈರ್ಯ" ಅಂದಳು. ಹಾಕಿದೆ. ನಿನ್ನ ಮಾತು ಮೀರಿದೆ. ನನ್ನ ಅಣ್ಣ ಓದಿ ಸರಿ ಅಂದ ಕಾಗದಕ್ಕೆ ನಾನೇ ಮಧ್ಯದಲ್ಲಿ ಅಡಗಿಕೊಂಡರೆ ಹೇಗೆ?

ಮುಂದಿನ ವಾರ ಪಟ್ಟಿ ಬರುತ್ತದಂತೆ.

ತಂಗಿ

ಏಪ್ರಿಲ್ ೭

ಅಣ್ಣನಿಗೆ,

ಪಟ್ಟಿ ಬರಲಿಲ್ಲ. ಮುಂದಿನ ವಾರ, ಮುಂದಿನ ವಾರ ಅಂತ ಮೂರು ವಾರ ಕಳೆಯಿತು.

ಮೊನ್ನೆ ಮಂಗಳವಾರ ಹತ್ತೂವರೆಗೆ ಹಾಡಕ್ಕನ ಬಲಗೈ ರೋಲರಿಗೆ ಹೋಯಿತು. ನಾನು ಆ ಹೊದಿಕೆಯ ಇನ್ನೊಂದು ಮೂಲೆ ಹಿಡಿದಿದ್ದೆ. ಹಾಡು ನಿಂತದ್ದು ಮೊದಲು ಗೊತ್ತಾಯಿತು, ಆಮೇಲೆ ಕಿರುಚಾಟ. ಸ್ವಿಚ್ಚು ಗೋಡೆಯ ಮೇಲಿದೆ, ಎಂಟು ಹೆಜ್ಜೆ. ನಾನು ಆ ಎಂಟು ಹೆಜ್ಜೆ ಓಡುವಷ್ಟರಲ್ಲಿ ಎರಡು ಬೆರಳು ಹೋಗಿತ್ತು, ಅಂಗೈ ಬೆಂದಿತ್ತು. ಈಗ ಆಸ್ಪತ್ರೆಯಲ್ಲಿ, ನಾವೇ ಇಸ್ತ್ರಿ ಮಾಡಿದ ಹೊದಿಕೆಯ ಮೇಲೆ ಮಲಗಿದ್ದಾಳೆ. ಮೂಲೆಯಲ್ಲಿ ನಮ್ಮ ಲಾಂಡ್ರಿಯ ಗುರುತು ಇದೆ.

ಬುಧವಾರ ಅಧಿಕಾರಿಯ ಹತ್ತಿರ ಹೋದೆವು. ನಮ್ಮ ದೂರಿನ ಗತಿ ಏನಾಯಿತು ಅಂತ ಕೇಳಿದೆ. ಆತ ಫೈಲು ತೆಗೆದು, "ಯಾವ ದೂರಮ್ಮ? ನೀವೇ ವಾಪಸ್ ತಗೊಂಡ್ರಲ್ಲ" ಅಂದ. ಪಟ್ಟಿ ಹಾಕಿದ ಮೇಲೆ ತಾನೆ ವಾಪಸ್, ಅಂದೆ. ಆತ ಕಾಗದ ನನ್ನ ಕಡೆ ತಿರುಗಿಸಿ ಆ ಪದದ ಮೇಲೆ ಬೆರಳಿಟ್ಟ.

"ಹಿಯರ್‌ಬೈ. ‘ಈ ಮೂಲಕ’ ಅಂತ. ಈ ಕಾಗದದಿಂದ್ಲೇ. ಮುಂದೆ ಯಾವಾಗ್ಲೋ ವಾಪಸ್ ತಗೋತೀವಿ ಅಂತ ನೀವು ಬರೆದುಕೊಟ್ಟಿಲ್ಲ. ಸಹಿ ಹಾಕಿದ ಕ್ಷಣಕ್ಕೇ ತಗೊಂಡಾಯ್ತು. ಅವರು ಪಟ್ಟಿ ಬಗ್ಗೆ ಆಮೇಲೆ ಯೋಚಿಸ್ತೀವಿ ಅಂದಿದಾರೆ, ಅಷ್ಟೇ. ಇಂಥ ಕಾಗದದಲ್ಲಿ ಕೆಲಸ ಮಾಡೋದೇ ಈ ಒಂದು ಪದ. ಉಳಿದದ್ದೆಲ್ಲ ಉಪಚಾರ."

ಈ ಮೂಲಕ! ಅಣ್ಣ, ಆ ಎರಡು ಪದ ನನಗೆ ಗೊತ್ತಿಲ್ಲವೆ? ‘ಸಾರ್ವಜನಿಕರಿಗೆ ಈ ಮೂಲಕ ತಿಳಿಸುವುದೇನೆಂದರೆ’ ಅಂತ ಊರಿನ ಅರ್ಧ ಗೋಡೆಗಳ ಮೇಲೆ ಇದೆ. ಎರಡು ಪದ ಬರೆದಿದ್ದರೆ ನನಗೆ ತಿಳಿಯುತ್ತಿತ್ತು. ನೀನು ಕೆಮ್ಮು, ಗುಂಡಿ, ಕಾಜ ಅಂತ ಅರ್ಧ ಪುಟ ಬರೆದೆ.

ನಿನಗೂ ಗೊತ್ತಿರಲಿಲ್ಲವೇನೋ ಅಂತ ದಾರಿಯುದ್ದಕ್ಕೂ ನಿನ್ನ ಪರ ವಾದ ಮಾಡಿಕೊಂಡು ಬಂದೆ. ಲಾಂಡ್ರಿಯ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ. "ಏನಮ್ಮ ಲೀಡರು, ಇಂಗ್ಲಿಷ್ ಕಲಿತು ಬಂದ್ಯಾ? ಊರೆಲ್ಲ ಯಾಕೆ ಸುತ್ತೀಯ, ಆ ಕಾಗದ ಬರೆದೋನು ನಿಮ್ಮಣ್ಣನೇ ತಾನೆ, ಅವನ್ನೇ ಕೇಳಬಾರ್ದಾ?" ಅಂದ. ಎಲ್ಲರೂ ನನ್ನ ಹಿಂದೆ ಇದ್ದರು. ಎಲ್ಲರೂ ಕೇಳಿಸಿಕೊಂಡರು.

ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ಬರೆ. ಒಂದೇ ಸಾಲು ಸಾಕು.

ತಂಗಿ

ಏಪ್ರಿಲ್ ೧೧

ಕಿಡಿ,

ಅವನು ಸುಳ್ಳು ಹೇಳಿಲ್ಲ.

ಫೆಬ್ರವರಿ ಕೊನೆಗೆ ದೂರಿನ ನಕಲು ಹೆಡ್ ಆಫೀಸಿಗೆ ಬಂತು. ಮ್ಯಾನೇಜರ್ ನನ್ನನ್ನು ಕರೆದು ಮೇಜಿನ ಮೇಲೆ ಹರಡಿದ. ನೀನು ಸಹಿಗಳನ್ನು ವೃತ್ತದಲ್ಲಿ ಕಟ್ಟಿದ್ದೆ, ಸರಿ. ಅದರ ಮೇಲೆ ಒಂದೂವರೆ ಪುಟ ನಿನ್ನ ಕೈಬರಹ ಇತ್ತಲ್ಲ! ಆ ಅಕ್ಷರ ತಿದ್ದಿಸಿದವನು ನಾನು. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. "ಯಾರ ಅಕ್ಷರ?" ಅಂದ. ನಾನು ಹೇಳಿದೆ.

"ಬರೆದೋರನ್ನ ತೆಗೆದ್ರೆ ಉಳಿದೋರು ತಾವಾಗೇ ತಣ್ಣಗಾಗ್ತಾರೆ" ಅಂದ. ಅವಳನ್ನು ತೆಗೆಯಬೇಡಿ, ದೂರು ತಾನಾಗಿಯೇ ಹೋಗುವ ಹಾಗೆ ನಾನು ಮಾಡುತ್ತೇನೆ ಅಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಯೋಚಿಸಿದೆ. ಆ ಕಾಗದ ನಾನು ಬರೆದೆ. ನೀನು ಅದರ ಅರ್ಥ ನನ್ನನ್ನೇ ಕೇಳುತ್ತೀಯ ಅಂತ ಎಣಿಸಿರಲಿಲ್ಲ. ನಿನ್ನ ಕಾಗದ ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ ಅಂತ ಬರೆಯಬೇಕು ಅನಿಸುತ್ತದೆ, ಆದರೆ ತಾರೀಖು ನಿನ್ನ ಹತ್ತಿರವೇ ಇದೆ. ಬಂದ ದಿನವೇ ಉತ್ತರ ಬರೆದೆ.

ಪಟ್ಟಿ ಹಾಕಿಸುತ್ತೇನೆಂದು ಮ್ಯಾನೇಜರ್ ನನಗೂ ಮಾತು ಕೊಟ್ಟಿದ್ದ. ನಾನು ನಂಬಿದೆ. ಆ ಹೆಂಗಸಿಗೆ ಹಾಗಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು? ನೀನು ಕೆಲಸದಲ್ಲಿ ಉಳಿದಿದ್ದೀಯ. ಬೇರೆ ಅಣ್ಣನಾದರೂ ಇದನ್ನೇ ಮಾಡುತ್ತಿದ್ದ.

ಅಣ್ಣ

ಏಪ್ರಿಲ್ ೧೪

ಅಣ್ಣನಿಗೆ,

‘ಆ ಹೆಂಗಸು’ ಅಲ್ಲ, ಹಾಡಕ್ಕ. ಯಾರಿಗೆ ಗೊತ್ತಿತ್ತು ಅಂತ ಕೇಳುತ್ತೀಯ. ನಲವತ್ತೊಂದು ಜನಕ್ಕೆ ಗೊತ್ತಿತ್ತು. ಒಂದೂವರೆ ಪುಟ ಬರೆದು ಕಳಿಸಿದ್ದೆವು. ನೀನು ಅದರಲ್ಲಿ ಅಕ್ಷರ ಯಾರದು ಅಂತ ಮಾತ್ರ ನೋಡಿದೆ.

ನನ್ನನ್ನು ಉಳಿಸಿದೆ ಅನ್ನುತ್ತೀಯ. ನನ್ನನ್ನು ತೆಗೆದುಹಾಕಿದ್ದರೆ ಗೇಟಿನ ಹೊರಗೆ ನಿಂತು ಕೂಗುತ್ತಿದ್ದೆ. ಇವರೆಲ್ಲ ನನ್ನ ಪರವಾಗಿ ನಿಲ್ಲುತ್ತಿದ್ದರು. ಈಗ ಒಳಗಿದ್ದೇನೆ, ಯಾರೂ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ಗಡಿಯಾರದಕ್ಕ ಎದುರಿಗೇ ಹೇಳಿದಳು, "ಅಣ್ಣ ಬರೀತಾನೆ, ತಂಗಿ ಓದಿ ಹೇಳ್ತಾಳೆ. ನಾವು ಮಾತ್ರ ಕೈ ಕೊಡ್ಬೇಕು." ನಿನ್ನನ್ನು ನಂಬಿದ್ದು ನನ್ನ ತಪ್ಪು. ನನ್ನನ್ನು ನಂಬಿದ್ದಕ್ಕೆ ಹಾಡಕ್ಕನಿಗೆ ಶಿಕ್ಷೆ. ಶತ್ರು ಎದುರಿಗಿರುತ್ತಾನೆ ಅಂತ ಎಲ್ಲ ಕರಪತ್ರಗಳೂ ಹೇಳಿದವು. ಬೆನ್ನ ಹಿಂದೆ ನಿಂತು ತಲೆ ನೇವರಿಸುತ್ತಾನೆ ಅಂತ ಒಂದರಲ್ಲೂ ಇರಲಿಲ್ಲ.

ಒಂದು ದಾರಿ ಉಳಿದಿದೆ. ಅಧಿಕಾರಿ ಹೇಳಿದ, "ಅರ್ಥ ಮರೆಮಾಚಿ ಸಹಿ ಹಾಕಿಸ್ಕೊಂಡ್ರು ಅಂತ ರುಜುವಾತಾದ್ರೆ ಫೈಲು ಮತ್ತೆ ತೆಗೀತೀನಿ. ಬಾಯಿಮಾತು ಬೇಡ, ಕಾಗದ ಬೇಕು." ಇಪ್ಪತ್ತೊಂಬತ್ತಕ್ಕೆ ವಿಚಾರಣೆ. ನೀನು ಒಂದು ಪುಟ ಬರೆದುಕೊಡು. ಅರ್ಥ ಗೊತ್ತಿತ್ತು, ಕೇಳಿದಾಗ ತಪ್ಪು ಹೇಳಿದೆ, ಅಷ್ಟು. ಪಟ್ಟಿ ಬರುತ್ತದೆ. ಈಗ ಹಾಡಕ್ಕನ ಜಾಗದಲ್ಲಿ ನಿಂತಿರುವವಳಿಗೆ ಹತ್ತೊಂಬತ್ತು ವರ್ಷ. ಪಟ್ಟಿ ಇನ್ನೂ ಇಲ್ಲ.

ತಂಗಿ

ಏಪ್ರಿಲ್ ೨೦

ಕಿಡಿ,

ಅವಸರ ಮಾಡಬೇಡ. ಈ ಭಾನುವಾರ ನಾನೇ ಬರುತ್ತೇನೆ, ಕೂತು ಮಾತಾಡೋಣ. ಕಾಗದದಲ್ಲಿ ಎಲ್ಲ ಬರೆಯಲಾಗುವುದಿಲ್ಲ. ನೀನು ಹೇಳಿದ ಹಾಗೆ ನಿನ್ನ ಅತ್ತಿಗೆಯ ತವರಿಗೆ ಹೋಗಿದ್ದೆ. ಮೆಟ್ಟಿಲ ಮೇಲೆ ಕೂತೆ. ಎರಡನೇ ಸಲ ಹೋದಾಗ ನೀರು ತಂದುಕೊಟ್ಟಳು. ಈ ಹೊತ್ತಿನಲ್ಲಿ ಕೆಲಸ ಕಳೆದುಕೊಂಡು ನಿಂತರೆ ಏನಾಗುತ್ತದೆ, ನೀನೇ ಯೋಚಿಸು. ಪಟ್ಟಿಯ ವಿಷಯ ಮ್ಯಾನೇಜರಿಗೆ ಮತ್ತೆ ಜ್ಞಾಪಿಸುತ್ತೇನೆ.

ಅಣ್ಣ

ಮೇ ೨

ತಂಗಿಗೆ,

ಭಾನುವಾರ ನಾನು ಬರಲಿಲ್ಲ, ನಿಜ. ಇಪ್ಪತ್ತೊಂಬತ್ತಕ್ಕೆ ಮ್ಯಾನೇಜರ್ ಫೈಲು ಹಿಡಿದುಕೊಳ್ಳಲು ನನ್ನನ್ನೇ ಕರೆತಂದ. ನೀನು ಎದುರು ಬೆಂಚಿನಲ್ಲಿದ್ದೆ, ನಿನ್ನ ಪಕ್ಕದಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡ ಹಾಡಕ್ಕ. ನಾನು ತಲೆ ಎತ್ತಿ ನಿನ್ನನ್ನು ನೋಡಿದೆ. ನೀನು ಚೀಲದಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ದೂರದಿಂದಲೇ ನನ್ನ ಅಕ್ಷರ ನನಗೆ ಗೊತ್ತಾಯಿತು.

ಮೊದಲ ಅರ್ಧ ಓದಲಿ. ಅದು ನನಗೆ ತಕ್ಕದ್ದೇ. ಕೆಮ್ಮು, ಗುಂಡಿ, ಕಾಜ. ಅಧಿಕಾರಿ ಎಷ್ಟು ನಿಧಾನವಾಗಿ ಓದಿದ! ಅಲ್ಲಿಗೆ ನಿಲ್ಲಿಸುತ್ತಾನೆ ಅಂದುಕೊಂಡೆ. "ಪೂರ್ತಿ ಓದಿ, ನಮಗೂ ಗೊತ್ತಾಗ್ಲಿ" ಅಂದವನು ನಮ್ಮ ಮ್ಯಾನೇಜರ್. ಆಗ ನೀನು ಒಂದು ಮಾತು ಆಡಬಹುದಿತ್ತು. ‘ನಿನ್ನ ಅತ್ತಿಗೆ ಮನೆಯಲ್ಲಿಲ್ಲ’ ಅಂತ ಓದಿದಾಗ ನೀನು ನೆಲ ನೋಡಿದೆ. ಎರಡು ಬೀದಿಯ ಮಾತು ಬಂದಾಗಲೂ ನೆಲವನ್ನೇ ನೋಡುತ್ತಿದ್ದೆ. ಬಾಗಿಲ ಹತ್ತಿರ ನಿಂತ ಜವಾನ ನನಗೆ ಕುರ್ಚಿ ಎಳೆದುಕೊಟ್ಟ. ಅಷ್ಟು ದಯೆಯನ್ನು ನಾನು ಈ ಜನ್ಮದಲ್ಲಿ ತಾಳಲಾರೆ.

ಹೊರಗೆ ಬಂದಾಗ ನಾನು ಕೇಳಿದೆ, ಆ ಭಾಗ ಕತ್ತರಿಸಬಾರದಿತ್ತೇ ಅಂತ. "ಕತ್ತರಿಸಿದ ಕಾಗದ ನಡೆಯಲ್ಲ ಅಂದ್ರು. ಒಂದು ದಿನ ಪೂರ್ತಿ ಯೋಚನೆ ಮಾಡಿ ತಂದೆ" ಅಂತ ನೀನು ಅಂದೆ. ಯೋಚನೆ ಮಾಡದೆ ತಂದಿದ್ದರೆ ಮರೆಯಬಹುದಿತ್ತು.

ಅಮ್ಮನಿಗೆ ಅಂದೇ ಸಂಜೆ ಗೊತ್ತಾಯಿತು, ನಿಮ್ಮ ಗಡಿಯಾರದಕ್ಕ ಮನೆಗೇ ಹೋಗಿ ಹೇಳಿದಳಂತೆ. ನಿನ್ನ ಅತ್ತಿಗೆಗೆ ಯಾರು ಹೇಳಿದರೋ ತಿಳಿಯದು. ನಿನ್ನೆ ಹೋದಾಗ ಅವಳ ತಂದೆ ಬಾಗಿಲಿಗೆ ಬಂದು, "ನಮ್ಮ ಮನೆ ದುಃಖ ಕಚೇರಿಗೆ ಹಾಕ್ದೋರು ನೀವು" ಅಂದರು. ನಾನಲ್ಲ, ನನ್ನ ತಂಗಿ ಅಂತ ಹೇಳಲು ಬಾಯಿ ಬರಲಿಲ್ಲ. ಕೆಲಸವೂ ಹೋಯಿತು. ಮೂರೇ ಸಾಲಿನ ಕಾಗದ. ಎರಡನೇ ಸಾಲಿನಲ್ಲಿ ಹಿಯರ್‌ಬೈ ಇದೆ. ನನ್ನ ಜಾಗಕ್ಕೆ ಬಂದವನು ಚೆನ್ನಾಗಿಯೇ ಬರೆಯುತ್ತಾನೆ.

ನಾನು ಮಾಡಿದ್ದು ಸಣ್ಣದು ಅಂತ ಹೇಳುತ್ತಿಲ್ಲ. ಹಾಡಕ್ಕನ ಕೈ ನೋಡಿದ್ದೇನೆ. ನೀನು ಮಾಡಿದ್ದು ತಪ್ಪು ಅಂತ ವಾದಿಸಲೂ ನನಗೆ ಬರುವುದಿಲ್ಲ. ಆದರೆ ಆ ಕಾಗದವನ್ನು ನಾನು ಅಧಿಕಾರಿಗೆ ಬರೆದಿರಲಿಲ್ಲ.

ಇನ್ನು ಮೇಲೆ ಏನಾದರೂ ಬರೆಯುವುದಿದ್ದರೆ ಕಾರ್ಡಿನಲ್ಲಿ ಬರೆ. ಲಕೋಟೆ ಅಂಟಿಸುವ ಶ್ರಮ ನಿನಗೂ ಬೇಡ, ನನಗೂ ಬೇಡ. ಹೇಗಿದ್ದರೂ ಎಲ್ಲರೂ ಓದುವುದೇ.

ಅಣ್ಣ

ಜೂನ್ ೧೬ (ಕಾರ್ಡು)

ಅಣ್ಣನಿಗೆ,

ಫೈಲು ಮತ್ತೆ ತೆಗೆದರು. ಆದೇಶ ಬಂತು. ಮೊನ್ನೆ ಗುರುವಾರ ರೋಲರಿಗೆ ಪಟ್ಟಿ ಹಾಕಿದರು. ಎಲ್ಲರೂ ಸುತ್ತ ನಿಂತಿದ್ದೆವು. ಮೊದಲು ನಾನು ಬೆರಳು ತಾಗಿಸಿದೆ. ನಿಂತಿತು. ಹಾಡಕ್ಕ ಸೋಮವಾರದಿಂದ ಬರುತ್ತಿದ್ದಾಳೆ, ಎಡಗೈಯಲ್ಲಿ ಮಡಿಚುವ ಕಡೆ. ಹಾಡುವುದಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ನನ್ನ ಜೊತೆ ಮಾತಾಡುವುದಿಲ್ಲ, ಊಟ ಮಾತ್ರ ಬಡಿಸುತ್ತಾಳೆ. ನಿನ್ನ ಹೊಸ ಕೆಲಸ ಏನಾಯಿತು, ಬರೆ.

ಇನ್ನೊಂದು ವಿಷಯ ಹೇಳುವುದಿತ್ತು. ಅದು ಕಾರ್ಡಿನಲ್ಲಿ ಬರೆಯುವಂಥದ್ದಲ್ಲ.

ತಂಗಿ